ಅಂಟಿಕೊಂಡಿದ್ದ ಹಾಳೆ

೧೪-೨-೧೯೭೯, ಬುಧವಾರ
ಹಿರೇಬೆಂಡಿಗೇರಿ

ತಪ್ಪು ನನ್ನದೇ. ಇವತ್ತು ಗೊತ್ತಾಯಿತು.

ನಮ್ಮೂರ ದೊಡ್ಡಾಟದ ಪುಸ್ತಕಕ್ಕೆ ಐದು ಪ್ರತಿಗಳಿವೆ. ಐದರಲ್ಲೂ ರಾಣಿ ಅಳುವ ಕಡೆ ಕಥೆ ತುಂಡಾಗುತ್ತದೆ. ಹಿಮ್ಮೇಳದ ಮೈಲಾರಪ್ಪ ಮಾತ್ರ ಅಲ್ಲಿ ಇನ್ನೊಂದು ಹಾಡು ಹಾಡುತ್ತಿದ್ದರು. ಆರು ವರ್ಷದ ಹಿಂದೆ ತಾಲೀಮಿನಲ್ಲಿ ಎಲ್ಲರೆದುರು ಅಂದುಬಿಟ್ಟೆ: "ಪುಸ್ತಕದಾಗ ಇಲ್ಲದ್ದು ಹಾಡಬ್ಯಾಡ್ರಿ. ನಿಮಗ ಅರಳು ಮರಳು ಆಗೈತಿ."

ಸಾಲಿ ಕಲಿಯದ ಮನುಷ್ಯ. "ಇರಬೇಕ್ರಿ ಮಾಸ್ತರ" ಎಂದು ತಾಳ ಕೆಳಗಿಟ್ಟು ಎದ್ದುಹೋದರು. ಮತ್ತೆ ಬರಲಿಲ್ಲ. ಹೋದ ವರ್ಷ ತೀರಿಕೊಂಡರು.

ಈ ಸಲದ ತಾಲೀಮೂ ಅಲ್ಲೇ ಮುಗ್ಗರಿಸಿತು. ಮಧ್ಯಾಹ್ನ ಅವರ ಮನೆಗೆ ಹೋದೆ. ಹೆಂಡತಿ ಗುತ್ತೆವ್ವ ಟ್ರಂಕಿನಿಂದ ತಮ್ಮ ಮಾವನ ಕೈಬರಹದ ಮೂಲ ಪುಸ್ತಕ ತೆಗೆದುಕೊಟ್ಟರು. ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಓದಿದೆ. ಮೂಲದಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿದರೆ ಒಳಗೆ ಆ ಹಾಡು ಪೂರ್ತಿ ಇದೆ. ೧೯೬೨ರಲ್ಲಿ ಇದನ್ನು ನೋಡಿ ಬರೆದುಕೊಳ್ಳುವಾಗ ಒಂದೇ ಹಾಳೆಯೆಂದು ಮಗುಚಿದ್ದೇನೆ. ಉಳಿದ ನಾಲ್ಕೂ ನನ್ನ ಪ್ರತಿ ನೋಡಿ ಬರೆದವು.

ಗುತ್ತೆವ್ವನಿಗೆ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು.

"ಹೊಲದಾಗ ಒಬ್ಬರೇ ಹಾಡ್ತಿದ್ರು ಅದನ್ನ," ಅಂದರು. "ನಾ ಬುತ್ತಿ ತಗೊಂಡು ಹೋದ್ರ ಸುಮ್ಮನಾಗ್ತಿದ್ರು."

"ಮಟ್ಟು ನಿಮಗ ಬರತೈತೇನವ್ವ?"

ಮೊದಲ ಸಾಲು ಗುನುಗಿದರು. ಎರಡನೆಯದಕ್ಕೆ ನಿಂತರು. "ಇಲ್ರಿ ಮಾಸ್ತರ. ದೂರದಿಂದ ಕೇಳಿದ್ದು."

ಹಾಡಿನ ಮಾತುಗಳನ್ನು ನಾಳೆಯೇ ಐದೂ ಪ್ರತಿಗಳಲ್ಲಿ ಸೇರಿಸುತ್ತೇನೆ. ಮಟ್ಟು ಬಲ್ಲವರು ಒಬ್ಬರೇ ಇದ್ದರು. ಅವರ ಬಾಯನ್ನು ನಾನೇ ಮುಚ್ಚಿಸಿದೆ.