ಗಾಲಿಯೊಳಗಿನ ಅರಿಷಿಣದ ಕೊಂಬು

ಸ್ವಭಾನು ಸಂವತ್ಸರ, ಕಾರ್ತಿಕ ಬಹುಳ ಪಂಚಮಿ, ಬುಧವಾರ. ಕುಕನೂರು.

ತಿಂಗಳಿಂದ ಜೀವ ತಿಂದ ಸದ್ದು ಇಂದು ಸಿಕ್ಕಿತು. ದೇಸಾಯರ ಹಳೆಯ ಮೋಟಾರಿನ ಹಿಂದಿನ ಗಾಲಿ ತಿರುಗಿದಾಗಲೆಲ್ಲ ಕಟಕಟ ಎನ್ನುತ್ತಿತ್ತು. ಸದ್ದು ಹೋಗದಿದ್ದರೆ ಮೋಟಾರು ಮಾರುತ್ತೇನೆ ಎಂದಿದ್ದರು ದೇಸಾಯರು. ಮೋಟಾರು ಹೋದರೆ ನಮ್ಮ ಮನೆಯವರ ಡ್ರೈವರ್ ಕೆಲಸವೂ ಹೋದಂತೆ. ಇವರು ಗ್ರೀಸು ಹಾಕಿದರು, ನಟ್ಟು ಬಿಗಿದರು, ಏನೂ ಆಗಲಿಲ್ಲ.

ಸಂಜೆ ನಾನು ಕಂದೀಲು ಹಿಡಿದೆ. ಇವರು ಗಾಲಿಯ ನಡುವಿನ ಮುಚ್ಚಳ ತೆಗೆದರು. ಒಳಗಿಂದ ಒಂದು ಅರಿಷಿಣದ ಕೊಂಬು ಉರುಳಿ ಬಿತ್ತು.

"ಇದನ್ನ ಯಾರು ಇಟ್ಟಾರ್ರಿ?"

ಇವರು ತಲೆ ಎತ್ತಲಿಲ್ಲ. "ಹೋದ ವರ್ಷ ಜ್ವರದಾಗ ನಿನ್ನ ಕೊಪ್ಪಳದ ದವಾಖಾನಿಗೆ ಒಯ್ದೆನಲ್ಲ, ಆವಾಗ ನಾನಽ ಇಟ್ಟಿದ್ದೆ. ಹುಲಿಗೆಮ್ಮನ ಗುಡಿ ಅರಿಷಿಣ. ಸುತ್ತಿದ್ದ ಬಟ್ಟಿ ಹರದೈತಿ."

"ನನ್ನ ಪೂಜಿಗೆ ನಗತಿದ್ರಲ್ಲ?"

"ಈಗೂ ನಗತೀನಿ. ದೇಸಾಯರ ಮುಂದ ಹೇಳಬ್ಯಾಡ ಮತ್ತ."

ನನ್ನ ಹಳೆಯ ಸೀರೆಯ ಅಂಚು ಹರಿದು ಕೊಂಬಿಗೆ ಬಿಗಿಯಾಗಿ ಸುತ್ತಿ, ಅಲ್ಲಿಯೇ ಇಡಿಸಿದೆ. ಇವರು ಊರ ಅಗಸಿ ಬಾಗಿಲವರೆಗೆ ಓಡಿಸಿ ಬಂದರು. ಸದ್ದಿಲ್ಲ.

ಗುಡಿಯ ಮೆಟ್ಟಿಲು ಹತ್ತದ ಮನುಷ್ಯ ಅಂದು ತಾಯಿಯ ಮುಂದೆ ಹೇಗೆ ನಿಂತರೋ, ಏನೆಂದು ಬೇಡಿದರೋ. ಕೇಳೋಣವೆಂದರೆ ಆಗಲೇ ಗೊರಕೆ. ನಾಳೆ ಕೇಳಿದರೂ ಹೇಳುವವರಲ್ಲ. ತಾಯಿ, ನೀನಾದರೂ ಹೇಳು.