ಪಾತ್ರೆಯಡಿಯ ಕಾವಲಿ

ಬುಧವಾರ, ನವೆಂಬರ್ ೧೨

ಅಂತೂ ಇವತ್ತು ಗಂಜಿ ತಳ ಹಿಡಿಯಲಿಲ್ಲ. ನಲವತ್ತು ವರ್ಷ ಕುಲುಮೆಯಲ್ಲಿ ಕಬ್ಬಿಣ ಕಾಯಿಸಿದ ನನಗೆ ಈ ತೆಳು ಸ್ಟೀಲ್ ಪಾತ್ರೆ ಮೂರು ದಿನ ನೀರು ಕುಡಿಸಿತು. ಉರಿ ತಗಲಿದ ಕಡೆ ಮಾತ್ರ ಕಾದು, ಅಲ್ಲೇ ಸೀಯುತ್ತಿತ್ತು.

ಕೈ ಮುರಿದುಕೊಂಡು ಕುರ್ಚಿಯಲ್ಲಿ ಕೂತ ನನ್ನಾಕೆ ಬೆಳಿಗ್ಗೆ ಮೆಲ್ಲಗೆ, "ರೀ, ಪಾತ್ರೆ ಕೆಳಗೆ ದಪ್ಪ ಕಾವಲಿ ಇಡಿ. ಕಾವು ಎಲ್ಲಾ ಕಡೆ ಹರಡುತ್ತೆ" ಅಂದಳು.

"ಕಮ್ಮಾರನಿಗೇ ಪಾಠವಾ?" ಅಂದೆ. ಆದರೂ ಇಟ್ಟೆ.

ಮಧ್ಯಾಹ್ನ ಮೊದಲ ಸಲ, "ಇನ್ನೊಂದು ಸೌಟು ಹಾಕ್ರೀ" ಅಂದಳು.

"ಈ ಕಾವಲಿ ವಿಷಯ ಮೊದಲೇ ಹೇಳಬಾರದಿತ್ತಾ?"

"ಅಷ್ಟು ಖುಷಿಯಿಂದ ಬಡಿಸ್ತಿದ್ರಿ..."

ಮೂರು ದಿನ ಸೀದದ್ದನ್ನು ತುಟಿ ಪಿಟಕ್ಕೆನ್ನದೆ ಉಂಡಳಲ್ಲ, ಪುಣ್ಯಾತ್ಗಿತ್ತಿ. ಒಂದೇ ಒಂದು ದಿನ ಉಪ್ಪು ಕಮ್ಮಿಯಾಯಿತೆಂದು ಇವಳ ಮುಂದೆ ತಟ್ಟೆ ತಳ್ಳಿ ಎದ್ದವನು ನಾನು.