ನೆಟ್ಟು ಬೇಡ ಅಂದೆವು

ಶುಕ್ರವಾರ, ಊಟದ ಬಿಡುವು

ಅಕ್ಕಾ,

ಉತ್ತರ ತಡವಾಯ್ತು, ಬೈಕೋ. ನಾಳೆಯೇ ನಿನ್ನ ಕೈ ಸೇರಲಿ ಅಂತ ಇದನ್ನು ಅಂಚೆಗೆ ಹಾಕದೆ ಬಸ್ಸಿನವರ ಕೈಲಿ ಕಳಿಸ್ತಿದ್ದೀನಿ. ಕಾರಣ ಓದಿದರೆ ನೀನೇ ನಗ್ತೀಯ.

ಆಸ್ಪತ್ರೆ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯವರು ಏನೇನು ಕೊಡ್ತೀವಿ ಅಂದಿದ್ದರು? ಬಿಸಿ ತಡೆಯುವ ಕೈಗವಸು. ಹಬೆ ಎಳೆಯುವ ಫ್ಯಾನು. ಕಲಿಯೋಕೆ ಲ್ಯಾಪ್‌ಟಾಪು, ಅದಕ್ಕೆ ನೆಟ್ಟು. ಕೈಗವಸು ಬರಲಿಲ್ಲ. ಫ್ಯಾನು ಬರಲಿಲ್ಲ. ಅವರು ಪೇಪರಿಗೆ ಫೋಟೋ ಹೊಡೆಸಿಕೊಳ್ಳಬೇಕಲ್ಲ, ಲ್ಯಾಪ್‌ಟಾಪು ಮಾತ್ರ ಒಂದು ಬಂತು. ನೆಟ್ಟಿಗಾಗಿ ಗೇಟಿನಲ್ಲಿ ಕೂತು ಗಂಟಲು ಹರಿದುಕೊಂಡೆವು. ಮ್ಯಾನೇಜರು, "ನೆಟ್ಟಿಲ್ಲದ ಮೇಲೆ ಅದು ಬರೀ ತಟ್ಟೆ ಕಣ್ರಮ್ಮಾ, ಮುಚ್ಚಿಡಿ" ಅಂದ.

ತಟ್ಟೆಯಷ್ಟೇ ಹಗುರ, ನಿಜ. ಆದರೆ ನನ್ನ ಪಕ್ಕ ಇಸ್ತ್ರಿ ಮಾಡುವ ಬಾಯಿಬಡುಕಿ ಯಾವುದೋ ಗುಂಡಿ ಒತ್ತಿ ಮ್ಯಾನೇಜರನ್ನು ಬೈದಳು ನೋಡು, ಅದು ಆ ಬೈಗುಳವನ್ನು ಅವಳಿಗೇ ವಾಪಸ್ ಕೇಳಿಸಿತು! "ಅಯ್ಯೋ, ನನ್ನ ಗಂಡ ದಿನಾ ಈ ದನಿ ಕೇಳಿಯೂ ಓಡಿಹೋಗಿಲ್ಲವಲ್ಲೇ!" ಅಂದಳು. ನಾವು ಹಾಸಿಗೆ ಬಟ್ಟೆಯ ರಾಶಿ ಮೇಲೆ ಬಿದ್ದು ನಕ್ಕೆವು.

ಆಮೇಲೆ ಬಿಡಲಿಲ್ಲ. ಹಬೆಯಲ್ಲಿ ಬೆಂದ ತೋಳುಗಳ ಫೋಟೋ ತೆಗೆದೆವು. ಹಬೆಗೆ ತಲೆಸುತ್ತಿ ಬಿದ್ದವಳೊಬ್ಬಳಿಗೆ ಮ್ಯಾನೇಜರು "ನಾಟಕ" ಅಂದನಲ್ಲ, ಅವಳ ಮಾತು ಅವಳ ದನಿಯಲ್ಲೇ ತುಂಬಿಸಿದೆವು. ಕಾರ್ಮಿಕ ಇಲಾಖೆಗೆ ಕೊಡುವ ದೂರನ್ನು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದೆವು. ಲ್ಯಾಪ್‌ಟಾಪನ್ನು ಟವೆಲಲ್ಲಿ ಸುತ್ತಿ, ಕಂಕುಳಲ್ಲಿಟ್ಟು, ಪಾಳಿಯಿಂದ ಪಾಳಿಗೆ, ಮನೆಯಿಂದ ಮನೆಗೆ ನಡೆಸಿದೆವು. ಇದಕ್ಕೆಲ್ಲ ಯಾವ ನೆಟ್ಟೂ ಬೇಕಾಗಲಿಲ್ಲ.

ಸುದ್ದಿ ಮುಟ್ಟಿರಬೇಕು. ಮೊನ್ನೆ ಮ್ಯಾನೇಜರೇ ತಂತಿ ಹಿಡಿದು, ಹಲ್ಲು ಕಿರಿಯುತ್ತಾ ಬಂದ. "ತಗೊಳ್ಳಿ, ನೀವು ಕೇಳಿದ ನೆಟ್ಟು!"

"ಹಾಕಿದ್ರೆ ಒಳಗಿರೋದು ಎಲ್ಲಿಗೆ ಹೋಗುತ್ತೆ ಸಾರ್?" ಅಂತ ಬಾಯಿಬಡುಕಿ ಕೇಳಿದಳು.

"ಎಲ್ಲಿಗೂ ಇಲ್ಲಮ್ಮಾ, ಭದ್ರವಾಗಿ ನಮ್ಮ ಆಫೀಸಿಗೇ ಬರುತ್ತೆ. ಬೇಡದ ಕಸ ಇದ್ರೆ ಅಲ್ಲಿಂದಲೇ ಅಳಿಸಿ ಕೊಡ್ತೀವಿ."

ಎಂಥ ಪ್ರಾಮಾಣಿಕ ಕಳ್ಳ! ನೆಟ್ಟು ಬೇಕು ಅಂತ ಕೂಗಿದವರೇ ನೆಟ್ಟು ಬೇಡ ಅಂತ ಅಡ್ಡ ನಿಂತೆವು. "ಹಾಗಾದ್ರೆ ಮೆಷಿನ್ ವಾಪಸ್ ಕೊಡಿ" ಅಂದ. "ಸೋಮವಾರ ಕಾರ್ಮಿಕ ಇನ್‌ಸ್ಪೆಕ್ಟರ್ ಬರ್ತಾರಲ್ಲ, ಅವರ ಮುಂದೆ ಇಸ್ಕೊಳ್ಳಿ" ಅಂದೆವು. ತಂತಿ ಸುತ್ತಿಕೊಂಡು ಹೋದ. ನಕಲೊಂದನ್ನು ಪೆನ್‌ಡ್ರೈವಿಗೆ ಹಾಕಿ ಆಗಲೇ ಹೊರಗೆ ಸಾಗಿಸಿದ್ದೇವೆ. ಕಸ ಅಂತೆ! ನಮ್ಮ ಬೆಂದ ಚರ್ಮ ಇವರಿಗೆ ಕಸ.

ಮಕ್ಕಳು ನಿನ್ನಷ್ಟೇ ಎತ್ತರ ಬೆಳೆಯಲಿ, ಚಿಕ್ಕಮ್ಮನಷ್ಟು ಜಗಳಗಂಟಿಗಳಾಗಲಿ. ಭಾವನಿಗೆ ಕೇಳಿದೆ ಅಂತ ಹೇಳು.

ನಿನ್ನ ತಂಗಿ

ತಾ.ಕ.: ಮರೆತು ಉಳಿದದ್ದಲ್ಲ ಇದು, ಬರೆಯಲು ಕೈ ಬರಲಿಲ್ಲ. ಎಲ್ಲರ ದನಿಯೂ ಅದರಲ್ಲಿದೆ, ನಿನ್ನದಿಲ್ಲ. ಇಲ್ಲಿನ ಆ ಇಸ್ತ್ರಿ ಪ್ರೆಸ್ಸು ನಿನ್ನ ಎರಡು ಬೆರಳು ತಿಂದಿತು. ನೀನು ಯಾರಿಗೂ, ಪಕ್ಕದಲ್ಲೇ ನಿಂತಿದ್ದ ನನಗೂ ಒಂದು ಮಾತು ಹೇಳದೆ ಕೆಲಸ ಬಿಟ್ಟು ಹೊರಟುಹೋದೆ. ಕಾಗದದಲ್ಲಿ ಹವೆ ಬರೀತೀಯ, ಮಕ್ಕಳ ಶಾಲೆ ಬರೀತೀಯ, ಅದನ್ನು ಮಾತ್ರ ಬರೆಯಲ್ಲ. ನನಗೇ ಹೇಳಬೇಡ, ಹೋಗಲಿ. ಆ ಲ್ಯಾಪ್‌ಟಾಪಿಗೆ ಹೇಳು. ನಾನು ಬಾಗಿಲ ಹೊರಗೆ ನಿಂತಿರ್ತೀನಿ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಲಾಂಡ್ರಿ ಹಿಂದಿನ ಶೆಡ್ಡು.